ಏರ್ ಪೆನ್ ಹಿಡಿಯುವ ಮೊದಲು ಕೊನೆಯ ಸೂಚರ್‌ಗಳನ್ನು ನೋಡಿ

ಕಛ್‌ನ ಚಾರಿ ಫಾರ್ಮೇಶನ್ ಎಂಬ ಜುರಾಸಿಕ್ ಶಿಲಾಪದರಗಳಿಂದ ಅಮೋನೈಟ್‌ಗಳ (ಅಳಿದುಹೋದ ಸುರುಳಿ ಚಿಪ್ಪಿನ ಕಡಲಜೀವಿಗಳ ಪಳೆಯುಳಿಕೆಗಳ) ಟ್ರೇಗಳು, ಪಳೆಯುಳಿಕೆಗಳನ್ನು ಕಲ್ಲಿನಿಂದ ಬಿಡಿಸುವ ನಮ್ಮ ಪ್ರಿಪರೇಶನ್ ಕೋಣೆಗೆ ಬಂದಾಗ, ತಪಾಸಣೆಯ ದಿನದೊಳಗೆ ಎಲ್ಲವನ್ನೂ ಸ್ವಚ್ಛಗೊಳಿಸಿ ನೋಂದಾಯಿಸಬೇಕೆಂಬ ಆದೇಶವೂ ಬಂದಿತ್ತು. ಅಂಗೈಯಲ್ಲಿ ಅಡಗುವಂಥವುಗಳಿಗೆಲ್ಲ ‘ಮರಿ’ ಎಂಬ ಲೇಬಲ್ ಅಂಟಿಸಿ, ಅವುಗಳಿಗೆ ಹೆಚ್ಚು ಹೊತ್ತು ಕೊಡಬಾರದೆಂದು ಮೇಲಿನವರು ಹೇಳಿದ್ದರು.

ಸಹೋದ್ಯೋಗಿಯೊಬ್ಬರು ಪೆರಿಸ್ಫಿಂಕ್ಟಿಡ್ ಗುಂಪಿನ ಅಂಥದೊಂದು ಅಮೋನೈಟಿನ ಬಾಯಿಗೆ ಅಂಟಿದ್ದ ಕಲ್ಲನ್ನು (ಮ್ಯಾಟ್ರಿಕ್ಸ್) ಗಾಳಿಯ ಒತ್ತಡದಿಂದ ಕೆತ್ತುವ ಏರ್ ಪೆನ್ನಿನಿಂದ ಬಿಡಿಸುತ್ತಿದ್ದರು. ಚಿಪ್ಪು ಕಳಚಿಹೋದ ಒಳಅಚ್ಚಿನ ಮೇಲೆ ಸೂಚರ್ ಗೆರೆಗಳು, ಅಂದರೆ ಒಳಗಿನ ಅಡ್ಡಗೋಡೆಗಳಾದ ಸೆಪ್ಟಾಗಳು ಚಿಪ್ಪಿಗೆ ಕೂಡುವ ಗೆರೆಗಳು, ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಹಿಂದೆ ಬಿಡಿಬಿಡಿಯಾಗಿದ್ದ ಅವು, ಪ್ರಾಣಿ ವಾಸಿಸುತ್ತಿದ್ದ ಕೊನೆಯ ಕೋಣೆಯಾದ ಬಾಡಿ ಚೇಂಬರ್ ಶುರುವಾಗುವಲ್ಲಿ ಒತ್ತೊತ್ತಾಗಿದ್ದವು. ಬೆಳವಣಿಗೆ ನಿಲ್ಲುವ ಹೊತ್ತಿನಲ್ಲಿ ಅಮೋನೈಟ್ ಕೊನೆಯ ಸೆಪ್ಟಾಗಳನ್ನು ಹೀಗೆ ಹತ್ತಿರ ಹತ್ತಿರ ಕಟ್ಟುತ್ತದೆ. ಇದು ಮರಿಯಲ್ಲ, ಪ್ರೌಢ ಮೈಕ್ರೋಕಾಂಕ್ (ಬೆಳೆದ ಮೇಲೂ ಚಿಕ್ಕದಾಗಿಯೇ ಉಳಿಯುವ ಬಗೆ) ಇರಬೇಕು. ಹಾಗಿದ್ದರೆ ಆ ಕಲ್ಲಿನೊಳಗೆ ಬಾಯಿಯ ಎರಡು ಬದಿಗಳಿಂದ ಮುಂಚಾಚುವ ಲ್ಯಾಪೆಟ್‌ಗಳು ಇರಬಹುದು. ನಿಲ್ಲಿಸಿ ಎಂದು ಕೂಗಿದ್ದು ಕಂಪ್ರೆಸರ್ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ನಾನು ಎದ್ದು ಹೋಗಿ ಅವರ ಭುಜ ಮುಟ್ಟುವಷ್ಟರಲ್ಲಿ ಒಂದು ಬದಿಯ ಲ್ಯಾಪೆಟ್ ಪುಡಿಯಾಗಿತ್ತು. ಇನ್ನೊಂದು ಬದಿಯದನ್ನು ಮೈಕ್ರೋಸ್ಕೋಪಿನಡಿ ಸೂಜಿಯಿಂದ ಬಿಡಿಸಿದೆವು. ಬಾಯಿಯಂಚಿನಿಂದ ನಾಲಗೆಯಂತೆ ಮುಂಚಾಚಿದ್ದ ಅದು ಪೂರ್ತಿಯಾಗಿ ಉಳಿದಿತ್ತು.

ಈ ನಷ್ಟ ಇಂದಿಗೂ ನನ್ನನ್ನು ಕಾಡುವುದಕ್ಕೆ ಕಾರಣವಿದೆ. ಪಳೆಯುಳಿಕೆ ತಜ್ಞರಾದ ವಾಗೆನ್ 1873–75ರಲ್ಲಿ, ಸ್ಪಾತ್ 1927–33ರಲ್ಲಿ ಕಛ್‌ನ ಅಮೋನೈಟ್‌ಗಳಿಗೆ ಹೆಸರಿಟ್ಟಾಗ, ಗಾತ್ರದಲ್ಲೂ ಬಾಯಿಯ ಆಕಾರದಲ್ಲೂ ಬೇರೆಯಾದವು ಬೇರೆ ಪ್ರಭೇದಗಳೆಂದೇ ಎಣಿಕೆಯಾಗುವುದು ಸಹಜವಾಗಿತ್ತು. ಲ್ಯಾಪೆಟ್ ಇರುವ ಚಿಕ್ಕ ಚಿಪ್ಪು ಮತ್ತು ಸರಳ ಬಾಯಿಯ ದೊಡ್ಡ ಚಿಪ್ಪು ಒಂದೇ ಪ್ರಭೇದದ ಎರಡು ಲಿಂಗಗಳಾಗಿರಬಹುದೆಂದು ಮಕೋವ್ಸ್ಕಿ 1962ರಲ್ಲಿ, ಕ್ಯಾಲಮನ್ 1963ರಲ್ಲಿ ವಿವರವಾಗಿ ವಾದಿಸಿದರು. ಒಳಸುತ್ತುಗಳಲ್ಲಿ ಎರಡರ ಏಣುಗಳೂ ಒಂದೇ ಬಗೆಯಾಗಿರುವುದರಿಂದ, ಜೋಡಿ ಹೊಂದಿಸಲು ಕೊನೆಯ ಸುತ್ತು ಮತ್ತು ಬಾಯಿಯಂಚು ಅನಿವಾರ್ಯ.

ನಮ್ಮ ಕ್ಯಾಟಲಾಗ್ ಸಾಫ್ಟ್‌ವೇರಿನಲ್ಲಿ ಹೆಸರು, ವ್ಯಾಸ, ಸ್ಥಳ, ಪದರ ಎಂಬ ಕಾಲಂಗಳಿವೆಯೇ ಹೊರತು, ಬಾಡಿ ಚೇಂಬರ್ ಉಳಿದಿದೆಯೇ, ಬಾಯಿಯಂಚು ಇದೆಯೇ ಎಂದು ದಾಖಲಿಸಲು ಜಾಗವಿಲ್ಲ. ಪ್ರದರ್ಶನಕ್ಕೆಂದು ಸೂಚರ್‌ಗಳನ್ನು ಪಾಲಿಶ್ ಮಾಡಿಸುವ ಆತುರವೂ ಅಷ್ಟೇ ಹಾನಿಕರ. ಸ್ವಲ್ಪ ಆಳಕ್ಕೆ ಉಜ್ಜಿದರೂ ಸೂಚರಿನ ಬಾಗುಗಳಾದ ಲೋಬ್‌ಗಳ ಸೂಕ್ಷ್ಮ ಕವಲುಗಳು ಅಳಿಸಿ, ಗೆರೆ ತಾನು ಇದ್ದುದಕ್ಕಿಂತ ಸರಳವಾಗಿ ತೋರುತ್ತದೆ. ಕೊನೆಯ ಸೆಪ್ಟಾಗಳನ್ನು ಪರೀಕ್ಷಿಸಿ ಸಹಿ ಮಾಡದೆ ಯಾವ ಚಿಕ್ಕ ಮಾದರಿಯ ಬಾಯಿಗೂ ಉಪಕರಣ ತಾಗಿಸಬಾರದೆಂಬ ನಿಯಮವನ್ನು ಬರೆದುಕೊಟ್ಟಿದ್ದೇನೆ. ಅದಕ್ಕೆ ಮೇಲಿನವರ ಒಪ್ಪಿಗೆ ಇನ್ನೂ ಬಂದಿಲ್ಲ. ನಮ್ಮ ಕೋಣೆಯಲ್ಲಿ ಮಾತ್ರ ಈಗಾಗಲೇ ಪಾಲಿಸುತ್ತಿದ್ದೇವೆ.