ನೆಡ್ವೆಡ್‌ಗೆ ಹಳದಿ ಕಾರ್ಡ್ ಬಿದ್ದ ರಾತ್ರಿ

2003ರ ಮೇ 14. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ, ಟ್ಯೂರಿನ್‌ನಲ್ಲಿ. ಇಟಲಿಯ ಯುವೆಂಟಸ್‌ಗೂ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೂ. ನಮ್ಮಲ್ಲಿ ಆಗಲೇ ನಡುರಾತ್ರಿ ದಾಟಿತ್ತು. ಮನೆಯವರೆಲ್ಲ ಮಲಗಿದ್ದರು. ಟಿವಿ ಸೌಂಡ್ ಕಮ್ಮಿ ಮಾಡಿಕೊಂಡು ನಾನೂ ನಮ್ಮ ಮಾವನೂ ನೋಡುತ್ತಾ ಕೂತಿದ್ದೆವು. ಮಾವ ವಯಸ್ಸಿನಲ್ಲಿ ಫುಟ್‌ಬಾಲ್ ಆಡಿದವರು, ಅದೂ ಹಾಫ್ ಜಾಗದಲ್ಲಿ, ಅಂದರೆ ಮೈದಾನದ ನಡುವೆ.

"ಬಾಲ್ ಬಿಡೋ, ಆ ಉದ್ದ ಕೂದಲಿನವನನ್ನ ನೋಡು" ಅಂದರು.

ಆ ಉದ್ದ ಕೂದಲಿನವರೇ ಪಾವೆಲ್ ನೆಡ್ವೆಡ್. ಜೆಕ್ ನಾಡಿನ ಖೆಬ್‌ನಲ್ಲಿ ಹುಟ್ಟಿ, ಸ್ಪಾರ್ಟಾ ಪ್ರಾಗ್‌ನಿಂದ ಲಾಝಿಯೊಗೆ ಬಂದು, 2001ರಲ್ಲಿ ಯುವೆಂಟಸ್ ಸೇರಿದವರು. ಅದೇ ವರ್ಷ ಫ್ರಾನ್ಸಿನ ದೊಡ್ಡ ಆಟಗಾರ ಝಿದಾನ್ ಯುವೆಂಟಸ್ ಬಿಟ್ಟು ಮ್ಯಾಡ್ರಿಡ್‌ಗೆ ಹೋಗಿದ್ದರು. ಝಿದಾನ್ ಜಾಗ ತುಂಬುವುದು ಅಂದರೆ ಸುಮ್ನೆ ಮಾತಲ್ಲ. ಆ ರಾತ್ರಿ ಇಬ್ಬರೂ ಎದುರುಬದುರು.

ಮಾವ ಹೇಳಿದ ಹಾಗೆ ನೋಡತೊಡಗಿದೆ. ಎಡಗಡೆ ಆಡಬೇಕಾದವರು ಒಂದು ನಿಮಿಷ ಅಲ್ಲಿದ್ದರೆ ಇನ್ನೊಂದು ನಿಮಿಷ ನಡುವೆ. ತಮ್ಮ ಬಾಲ್ ಹೋದರೆ ಬೇರೆಯವರು ತಂದುಕೊಡಲಿ ಅಂತ ನಿಲ್ಲುವ ಆಸಾಮಿಯಲ್ಲ, ತಾವೇ ಹಿಂದೆ ಓಡುತ್ತಿದ್ದರು. ಯುವೆಂಟಸ್‌ನ ಟ್ರೆಝೆಗೆ, ಡೆಲ್ ಪಿಯೆರೊ ಒಂದೊಂದು ಗೋಲು ಹೊಡೆದಿದ್ದರು. ಮ್ಯಾಡ್ರಿಡ್‌ನ ಫಿಗೊ ಹೊಡೆದ ಪೆನಾಲ್ಟಿಯನ್ನು ಯುವೆಂಟಸ್ ಗೋಲಿ ಬುಫೊನ್ ತಡೆದರು. ಆಮೇಲೆ 73ನೇ ನಿಮಿಷದಲ್ಲಿ ಉದ್ದ ಪಾಸ್ ಒಂದು ಬಂತು. ನೆಡ್ವೆಡ್ ಓಡುತ್ತಲೇ ಬಾಲನ್ನು ಮ್ಯಾಡ್ರಿಡ್ ಗೋಲಿ ಕಾಸಿಯಸ್ ಪಕ್ಕದಿಂದ ಒಳಗೆ ಹೊಡೆದರು. 3-0. ಮಾವ ದಿಂಬು ಬಾಯಿಗೆ ಒತ್ತಿಕೊಂಡು ಕೂಗಿದರು.

82ನೇ ನಿಮಿಷದಲ್ಲಿ ಆಗಿದ್ದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ಗೋಲಿನಿಂದ ಬಹಳ ದೂರ, ಮ್ಯಾಡ್ರಿಡ್‌ನ ಮೆಕ್‌ಮನಮನ್ ಬಾಲ್ ತಗೊಂಡು ಹೊರಟಿದ್ದರು. ನೆಡ್ವೆಡ್ ಕಾಲು ಹಾಕಿ ಬೀಳಿಸಿದರು. ರೆಫರಿ ಹಳದಿ ಕಾರ್ಡ್ ತೆಗೆದರು. ಅಷ್ಟೇ, ಫೈನಲ್ ಕೈತಪ್ಪಿತು. ಹಿಂದಿನ ಕಾರ್ಡುಗಳ ಲೆಕ್ಕ ಸೇರಿ ಒಂದು ಪಂದ್ಯ ನಿಷೇಧ.

"ಗೆದ್ದ ಪಂದ್ಯದಲ್ಲಿ ಆ ಫೌಲ್ ಯಾಕೆ ಬೇಕಿತ್ತು ಮಾವ?" ಅಂದೆ.

"ಎಲ್ಲಿ ಗೆದ್ದಾಗಿತ್ತು? ಲೆಕ್ಕ ಹಾಕು" ಅಂದರು.

ಹಾಕಿದೆ. ಮೊದಲ ಪಂದ್ಯ ಮ್ಯಾಡ್ರಿಡ್ 2-1ರಿಂದ ಗೆದ್ದಿತ್ತು. ಇಲ್ಲಿ ಅವರು ಎರಡು ಗೋಲು ಹೊಡೆದಿದ್ದರೆ ಎರಡೂ ಪಂದ್ಯ ಸೇರಿ ಒಟ್ಟು 4-4. ಆಗಿನ ನಿಯಮದಲ್ಲಿ ಎದುರಾಳಿ ಊರಲ್ಲಿ ಹೊಡೆದ ಗೋಲಿಗೆ ತೂಕ ಜಾಸ್ತಿ, ಫೈನಲ್‌ಗೆ ಹೋಗುವುದು ಮ್ಯಾಡ್ರಿಡ್. ಕೊನೆಗೆ ಝಿದಾನ್ ಒಂದು ಹೊಡೆದೂಬಿಟ್ಟರು. ಇನ್ನೊಂದು ಬಿದ್ದಿದ್ದರೆ ಮುಗಿದೇ ಹೋಗಿತ್ತು ಅಲ್ವಾ?

ಪಂದ್ಯ ಮುಗಿದಾಗ ಜೊತೆಯವರೆಲ್ಲ ಕುಣಿಯುತ್ತಿದ್ದರು. ನೆಡ್ವೆಡ್ ಅಳುತ್ತಿದ್ದರು. ಆ ಫೌಲನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಹಿಂದೆ ಓಡಿ ಬಾಲ್ ತಡೆಯುವ ಆ ಹಟದಿಂದಲೇ ತಾನೇ ಅವರು ತಂಡವನ್ನು ಅಲ್ಲಿವರೆಗೆ ತಂದಿದ್ದು?

ಮ್ಯಾಂಚೆಸ್ಟರ್‌ನಲ್ಲಿ ಮೇ 28ಕ್ಕೆ ಫೈನಲ್. ಮಿಲಾನ್ ಎದುರು 0-0, ಪೆನಾಲ್ಟಿಯಲ್ಲಿ ಯುವೆಂಟಸ್ ಸೋತಿತು. ಇಡೀ ಆಟದಲ್ಲಿ ಎಡಗಡೆ ಅವರಿಲ್ಲದ್ದು ಎದ್ದು ಕಾಣುತ್ತಿತ್ತು. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಆ ವರ್ಷ ನೆಡ್ವೆಡ್‌ಗೇ ಬಂತು. 1962ರಲ್ಲಿ ಮಸೊಪುಸ್ಟ್ ಪಡೆದ ಮೇಲೆ ಜೆಕ್ ಆಟಗಾರರಲ್ಲಿ ಅವರೇ ಮೊದಲು. ಈಗ ಕ್ವಾರ್ಟರ್ ಫೈನಲ್ ಆದಮೇಲೆ ಹಳದಿ ಕಾರ್ಡುಗಳ ಹಳೇ ಲೆಕ್ಕ ಅಳಿಸಿಬಿಡುತ್ತಾರೆ. ಅಂದೇ ಆ ನಿಯಮ ಇರಬಾರದಿತ್ತಾ ಅಂತ ಸಂಕಟವಾಗುತ್ತದೆ.

2006ರಲ್ಲಿ ಯುವೆಂಟಸ್ ಇಟಲಿ ಲೀಗಿನ ಎರಡನೇ ದರ್ಜೆಗೆ ಬಿದ್ದಾಗ ಎಷ್ಟೋ ದೊಡ್ಡ ಹೆಸರುಗಳು ಬಿಟ್ಟು ಹೋದವು. ನೆಡ್ವೆಡ್ ಉಳಿದರು, ತಂಡದ ಜೊತೆ ಮತ್ತೆ ಮೇಲೆ ಬಂದರು, 2009ರಲ್ಲಿ ಅಲ್ಲೇ ಆಟ ಮುಗಿಸಿದರು. ಚಾಂಪಿಯನ್ಸ್ ಲೀಗ್ ಕಪ್ ಮಾತ್ರ ಅವರಿಗೆ ಸಿಗಲೇ ಇಲ್ಲ.