ಬಾತ್‌ರೂಮ್ ಬಾಗಿಲ ಪಕ್ಕದ ಸಿಲಿಂಡರ್

ಹನ್ನೊಂದನೇ ಬೆಡ್‌ನವರು ರಾತ್ರಿ ಎರಡೂವರೆಗೆ ಎದ್ದು ಬಾತ್‌ರೂಮಿಗೆ ಹೋದರು. ಯಾರನ್ನೂ ಕರೆಯಲಿಲ್ಲ. ಆಕ್ಸಿಜನ್ ಮಾಸ್ಕ್ ತೆಗೆದು ದಿಂಬಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ನಡೆದಿದ್ದರು. ನಾನು ಆಗ ವಾರ್ಡಿನ ಇನ್ನೊಂದು ತುದಿಯಲ್ಲಿ ಒಬ್ಬರಿಗೆ ಐವಿ ಹಾಕುತ್ತಿದ್ದೆ. ಗಾಗಲ್ಸ್ ಒಳಗೆಲ್ಲ ಹಬೆ. ನರ ಕಣ್ಣಿಗೂ ಕಾಣುತ್ತಿರಲಿಲ್ಲ, ಎರಡು ಗ್ಲೌಸ್ ಹಾಕಿದ ಬೆರಳಿಗೂ ಸಿಗುತ್ತಿರಲಿಲ್ಲ. ಕೊನೆಗೂ ಸಿಕ್ಕಿತು ಅಂತ ಟೇಪ್ ಅಂಟಿಸಿ ತಿರುಗಿ ನೋಡಿದರೆ ಹನ್ನೊಂದನೇ ಬೆಡ್ ಖಾಲಿ. ಮಾಸ್ಕ್ ಒಂದೇ ಸುಯ್ ಅಂತ ಸದ್ದು ಮಾಡುತ್ತ ಬಿದ್ದಿತ್ತು.

ಬಾತ್‌ರೂಮಿಗೆ ಒಳಗಿನಿಂದ ಚಿಲಕ. ಕೂಗಿದರೆ ಉತ್ತರ ಇಲ್ಲ. ವಾರ್ಡ್ ಬಾಯ್ ಬಂದು ಭುಜ ಕೊಟ್ಟು ಬಾಗಿಲು ಒಡೆಯುವಷ್ಟರಲ್ಲಿ ತಡವಾಗಿತ್ತು. ಎದೆ ಒತ್ತಿದೆವು, ಡಾಕ್ಟರ್ ಬಂದರು, ಇಂಜೆಕ್ಷನ್ ಕೊಟ್ಟೆವು. ಅವರು ಉಳಿಯಲಿಲ್ಲ. ಅವತ್ತು ಸಂಜೆ ತಾನೇ ನಾನೇ ಫೋನ್ ಹಿಡಿದು ಮಗಳ ಜೊತೆ ವಿಡಿಯೋ ಕಾಲ್ ಮಾಡಿಸಿದ್ದೆ. 'ಇನ್ನು ಎರಡು ದಿನ ಅಷ್ಟೇ ಮಗಾ, ಬಂದ್ಬಿಡ್ತೀನಿ' ಎಂದಿದ್ದರು.

ಅದು 2021ರ ಮೇ ಮೊದಲ ವಾರ. ರಾಜ್ಯದಲ್ಲಿ ಒಂದೇ ದಿನಕ್ಕೆ 50 ಸಾವಿರಕ್ಕಿಂತ ಜಾಸ್ತಿ ಕೊರೊನಾ ಕೇಸ್ ಬಂದ ವಾರ. ನಾನು ಒಂದು ಜಿಲ್ಲಾಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮ ವಾರ್ಡಿನಲ್ಲಿ 48 ಬೆಡ್. ರಾತ್ರಿ ಡ್ಯೂಟಿಗೆ ಮೂವರು ನರ್ಸ್, ಒಬ್ಬ ವಾರ್ಡ್ ಬಾಯ್, ಒಬ್ಬರು ಆಯಾ. ಅಂದರೆ ಒಬ್ಬೊಬ್ಬರಿಗೆ 16 ಜನ ಪೇಷೆಂಟ್. ಐಸಿಯುನಲ್ಲಿ ಒಬ್ಬ ಪೇಷೆಂಟಿಗೆ ಒಬ್ಬ ನರ್ಸ್ ಇರಬೇಕು ಅಂತ ನಾವು ಓದಿದ್ದು. ನಮ್ಮದು ಹೆಸರಿಗೆ ವಾರ್ಡ್. ಆದರೆ ಆ ತಿಂಗಳು ಅಲ್ಲಿ ಮಲಗಿದ್ದ ಅರ್ಧ ಜನ ಐಸಿಯುನಲ್ಲಿ ಇರಬೇಕಾದವರು. ಅಲ್ಲಿ ಬೆಡ್ ಇರಲಿಲ್ಲ.

ಹನ್ನೊಂದನೇ ಬೆಡ್‌ನವರು ಒಬ್ಬರೇ ಅಲ್ಲ. ಅದಕ್ಕೂ ಹಿಂದಿನ ವಾರ ಇನ್ನೊಂದು ಶಿಫ್ಟಿನಲ್ಲೂ ಒಬ್ಬರು ಬಾತ್‌ರೂಮಿನಲ್ಲೇ ಕುಸಿದಿದ್ದರು. ಕೊರೊನಾದಲ್ಲಿ ಇದೊಂದು ಮೋಸ. ಪೇಷೆಂಟ್ ಆರಾಮಾಗಿ ಮಾತಾಡುತ್ತಿರುತ್ತಾರೆ, ಫೋನ್ ನೋಡುತ್ತಿರುತ್ತಾರೆ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದಲ್ಲಿ ಆಕ್ಸಿಜನ್ ಬರೀ 86 ಅಂತ ತೋರಿಸುತ್ತದೆ. ಏದುಸಿರು ಬಾರದ ಕಾರಣ ತಮಗೆ ಏನೂ ಆಗಿಲ್ಲ ಅಂದುಕೊಳ್ಳುತ್ತಾರೆ. ಮಾಸ್ಕ್ ತೆಗೆದು ಇಪ್ಪತ್ತು ಹೆಜ್ಜೆ ನಡೆದರೆ ಕಾಲಿನ ಸ್ನಾಯುಗಳು ಆಕ್ಸಿಜನ್ ಕೇಳುತ್ತವೆ. ಕೊಡಲು ಶ್ವಾಸಕೋಶದಲ್ಲಿ ಇರುವುದಿಲ್ಲ. ಆಮೇಲೆ ಕುಕ್ಕರಗಾಲಲ್ಲಿ ಕೂತು ಉಸಿರು ಬಿಗಿಹಿಡಿದು ತಿಣುಕಿದರೆ ಮುಗಿಯಿತು. ನಮ್ಮದು ಇಂಡಿಯನ್ ಟಾಯ್ಲೆಟ್. ಕೂತವರಿಗೆ ಏಳಲಿಕ್ಕೇ ಶಕ್ತಿ ಇರುತ್ತಿರಲಿಲ್ಲ.

ಬೆಡ್‌ಪ್ಯಾನ್ ಕೊಡಬಹುದಿತ್ತಲ್ವಾ ಅಂತ ಕೇಳಬಹುದು. ಕೊಡುತ್ತಿದ್ದೆವು. ಆದರೆ ಒಬ್ಬ ಗಂಡಸು, ಐವತ್ತು ವರ್ಷದ ಮನೆಯ ಯಜಮಾನ, ಅಕ್ಕಪಕ್ಕ ಎಂಟು ಜನ ಮಲಗಿರುವಾಗ, ಪರದೆ ಇಲ್ಲದ ವಾರ್ಡಿನಲ್ಲಿ, ಮಗಳ ವಯಸ್ಸಿನ ಹುಡುಗಿಯ ಕೈಗೆ ಅದನ್ನು ಹೇಗೆ ಕೊಟ್ಟಾರು? ನಾಚಿಕೆ ಅನ್ನುವುದು ರೋಗ ಬಂದ ಕೂಡಲೇ ಬಿಟ್ಟು ಹೋಗುವುದಿಲ್ಲ. ನಾವು ಬೈದೆವು. 'ಎಷ್ಟು ಸಲ ಹೇಳಬೇಕು ನಿಮಗೆ' ಎಂದೆವು. ಈಗ ಯೋಚಿಸಿದರೆ ಅದು ಬೈಯುವ ವಿಷಯವೇ ಆಗಿರಲಿಲ್ಲ.

ಅವತ್ತು ಬೆಳಿಗ್ಗೆ ಮುಂದಿನ ಶಿಫ್ಟಿನವರಿಗೆ ಓವರ್ ಕೊಟ್ಟು ಪಿಪಿಇ ಕಿಟ್ ಬಿಚ್ಚುವ ಕೋಣೆಗೆ ಹೋದೆ. ಗೌನ್ ಒಳಗಿನ ಬಟ್ಟೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮೂಗಿನ ಮೇಲೆ ಗಾಯ. ನೆಲದ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ಆ ಮಾಸ್ಕಿನ ಸುಯ್ ಸದ್ದು ಮಾತ್ರ ಕಿವಿಯಲ್ಲೇ ಇತ್ತು. ಜನ ನಮ್ಮ ಸುಸ್ತಿನ ಬಗ್ಗೆ ಕೇಳುತ್ತಿದ್ದರು. ಆರು ಗಂಟೆ ನೀರು ಕುಡಿಯದೆ, ಮೂತ್ರಕ್ಕೆ ಹೋಗದೆ, ಮುಟ್ಟಿನ ದಿನಗಳಲ್ಲೂ ಆ ಕಿಟ್ ಒಳಗೆ ಇರುವುದು ಕಷ್ಟವೇ. ಆದರೆ ಅದು ನಿದ್ದೆ ಮಾಡಿದರೆ ಹೋಗುವ ಸುಸ್ತು. ನಿದ್ದೆ ಮಾಡಿದರೂ ಹೋಗದೆ ಉಳಿದದ್ದು ಬೇರೆ. ನನಗೆ ಕೆಲಸ ಗೊತ್ತು. ಅದನ್ನು ಸರಿಯಾಗಿ ಮಾಡಿದ್ದರೆ ಅವರು ಉಳಿಯುತ್ತಿದ್ದರು. ಮಾಡಲು ಕೈ ಸಾಲಲಿಲ್ಲ.

ಕೈ ಸಾಲದಾಗ ಮೊದಲು ಬಿಟ್ಟುಹೋಗುವುದು ಸಣ್ಣ ಕೆಲಸಗಳು. ಇಂಜೆಕ್ಷನ್ ತಪ್ಪುವುದಿಲ್ಲ, ಅದು ಚಾರ್ಟಿನಲ್ಲಿ ಬರೆದಿರುತ್ತದೆ. ತಪ್ಪುವುದು ಬಾಯಿ ಒಣಗಿದವರಿಗೆ ಎರಡು ಗುಟುಕು ನೀರು ಕುಡಿಸುವುದು. ಮಗ್ಗುಲು ಬದಲಿಸುವುದು. ಆಕ್ಸಿಜನ್ನಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಾಟಲಿಯ ನೀರು ಬದಲಿಸುವುದು. ಸ್ಟೆರಾಯ್ಡ್ ನಡೆಯುತ್ತಿರುವವರ ಶುಗರ್ ಹೊತ್ತು ಹೊತ್ತಿಗೆ ನೋಡುವುದು. ಆ ತಿಂಗಳ ಕೊನೆಗೆ ಬ್ಲ್ಯಾಕ್ ಫಂಗಸ್ ಅಂತ ಎಲ್ಲ ಕಡೆ ಗಾಬರಿ ಆಯಿತಲ್ಲ, ಅದಕ್ಕೆ ಸ್ಟೆರಾಯ್ಡಿನಿಂದ ಏರಿದ ಶುಗರ್ ದೊಡ್ಡ ಕಾರಣ. ಈ ಕೆಲಸಗಳನ್ನು ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಪೇಷೆಂಟ್ ಮನೆಗೆ ಹೋಗುವುದು ಬಹಳ ಸಲ ಇವುಗಳಿಂದಲೇ.

ಮರುದಿನ ಸಂಜೆ ಡ್ಯೂಟಿಗೆ ಬಂದಾಗ ಆಯಾ ಅಕ್ಕ ನನಗಿಂತ ಮೊದಲೇ ಬಂದಿದ್ದರು. ಅವರದು ಕಾಂಟ್ರಾಕ್ಟ್ ಕೆಲಸ. ನಮಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಎಲ್ಲರೂ ಅಕ್ಕ ಅಂತಲೇ ಕರೆಯುವುದು. ಕೈಯಲ್ಲಿ ಒಂದು ಹಳೆಯ ನೀಲಿ ಪ್ಲಾಸ್ಟಿಕ್ ಕುರ್ಚಿ. ಕೂರುವ ಜಾಗದಲ್ಲಿ ದುಂಡಗೆ ಕತ್ತರಿಸಿ ತೂತು ಮಾಡಿದ್ದರು.

'ನಮ್ಮತ್ತೆ ಕಾಲು ಮುರ್ಕೊಂಡಾಗ ಹಿಂಗೇ ಮಾಡಿದ್ವಿ ಸಿಸ್ಟರ್' ಎಂದರು. 'ಕೂತ್ಕೊಳ್ಳೋಕೆ ಎತ್ತರ ಆಯ್ತದೆ. ಒಂದು ಸಣ್ಣ ಸಿಲಿಂಡರ್ ಬಾಗಿಲ ಹತ್ರ ಇಟ್ಟುಬಿಟ್ರೆ? ಮಾಸ್ಕ್ ಹಾಕ್ಕೊಂಡೇ ಕೂರ್ತಾರೆ. ಅವರು ಬೆಡ್‌ಪ್ಯಾನ್ ಒಲ್ಲೆ ಅಂತಾರೆ, ನಾವು ಬೈತೀವಿ, ಆಮೇಲೆ ಅವರು ಕದ್ದು ಎದ್ದೋಗ್ತಾರೆ. ಕದ್ದು ಹೋಗೋ ಬದ್ಲು ಹೇಳೇ ಹೋಗ್ಲಿ ಬಿಡಿ.'

ನಾನು ಇನ್‌ಚಾರ್ಜ್ ಸಿಸ್ಟರ್ ಮುಖ ನೋಡಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ಸ್ಟೋರಿಗೆ ಫೋನ್ ಮಾಡಿದರು. ಅನುಮತಿ, ಪತ್ರ ಅಂತ ಕಾಯಲಿಲ್ಲ. ರಾತ್ರಿ ಒಂಬತ್ತಕ್ಕೆ ಬಿ ಟೈಪ್ ಅನ್ನುವ ಒಂದು ಸಣ್ಣ ಸಿಲಿಂಡರ್ ಬಂತು. ಉರುಳಬಾರದು ಅಂತ ಕಿಟಕಿಯ ಸರಳಿಗೆ ಚೈನ್ ಹಾಕಿ ಬಿಗಿದೆವು. ಎರಡು ಟ್ಯೂಬ್ ಜೋಡಿಸಿ ಉದ್ದ ಮಾಡಿ ಬಾತ್‌ರೂಮಿನ ಒಳಗೆ ಬಿಟ್ಟೆವು. ವಾರ್ಡ್ ಬಾಯ್ ಸ್ಕ್ರೂಡ್ರೈವರ್ ತಂದು ಒಳಗಿನ ಚಿಲಕ ಬಿಚ್ಚಿದ. ಚಿಲಕದ ಬದಲು ಹೊರಗಡೆ ಒಂದು ಬಟ್ಟೆ ನೇತುಹಾಕಿದೆವು. ಬಟ್ಟೆ ಇದ್ದರೆ ಒಳಗೆ ಜನ ಇದ್ದಾರೆ ಅಂತ ಅರ್ಥ. ಆಯಾ ಅಕ್ಕ ಪ್ರತಿ ಬೆಡ್ಡಿಗೂ ಹೋಗಿ ಹೇಳಿದರು: 'ಬೆಡ್‌ಪ್ಯಾನ್ ಬೇಡ ಅಂದ್ರೆ ಬೇಡ. ಆದ್ರೆ ನನ್ನ ಕರೀರಿ. ನಾನು ಬಾಗಿಲಾಚೆ ನಿಂತಿರ್ತೀನಿ, ಒಳಗೆ ನೋಡಲ್ಲ.'

ಬೆಡ್ಡಿನಿಂದ ಬಾತ್‌ರೂಮಿನವರೆಗೆ ವೀಲ್‌ಚೇರ್. ಆ ದಾರಿಗೆ ಇನ್ನೊಂದು ಸಣ್ಣ ಸಿಲಿಂಡರ್. ಇಷ್ಟೇ ಏರ್ಪಾಡು. ಆಮೇಲೆ ನಮ್ಮ ವಾರ್ಡಿನ ಬಾತ್‌ರೂಮಿನಲ್ಲಿ ಒಬ್ಬರೂ ಸಾಯಲಿಲ್ಲ. ಸಾವು ನಿಂತಿತು ಅಂತ ಹೇಳುತ್ತಿಲ್ಲ. ಬೆಡ್ ಮೇಲೆ ಹೋದವರು ಬಹಳ. ಆದರೆ ಆ ಬಾಗಿಲ ಹಿಂದೆ, ಒಬ್ಬರೇ, ಯಾರಿಗೂ ಗೊತ್ತಾಗದಂತೆ ಯಾರೂ ಹೋಗಲಿಲ್ಲ.

ಅದೇ ದಿನಗಳಲ್ಲಿ ಆಕ್ಸಿಜನ್ ಭಯ ಬೇರೆ. ಚಾಮರಾಜನಗರದಲ್ಲಿ ಒಂದೇ ದಿನ 24 ಜನ ತೀರಿಕೊಂಡ ಸುದ್ದಿ ಮೇ 3ರಂದು ಬಂದಾಗಿನಿಂದ ನಮಗೆಲ್ಲ ಎದೆ ಢವಢವ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಕ್ಸಿಜನ್ ಟ್ಯಾಂಕರ್ ಎಷ್ಟೊತ್ತಿಗೆ ಹೊರಟಿತು ಅಂತ ನರ್ಸ್‌ಗಳೂ ವಿಚಾರಿಸುವ ಕಾಲ ಅದು. ಜಂಬೋ ಅನ್ನುವ ಒಂದು ದೊಡ್ಡ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ನಿಮಿಷಕ್ಕೆ 15 ಲೀಟರ್ ಬೇಕಾದ ಒಬ್ಬ ಪೇಷೆಂಟಿಗೆ ಅದು ಎಂಟು ಗಂಟೆಯೂ ಬರುವುದಿಲ್ಲ. ನಮ್ಮ ವಾರ್ಡ್ ಒಂದೇ ಗಂಟೆಗೆ ಎರಡು ಜಂಬೋ ಖಾಲಿ ಮಾಡುತ್ತಿತ್ತು. ದಿಂಬಿನ ಮೇಲೆ ಸುಮ್ನೆ ಬಿಟ್ಟುಹೋದ ಮಾಸ್ಕ್ ಹತ್ತು ನಿಮಿಷದಲ್ಲಿ 150 ಲೀಟರ್ ಗಾಳಿಗೆ ಬಿಡುತ್ತದೆ.

ಇನ್‌ಚಾರ್ಜ್ ಸಿಸ್ಟರ್ ಪ್ರತಿ ಶಿಫ್ಟಿನಲ್ಲಿ ಒಬ್ಬ ನರ್ಸನ್ನು ಆಕ್ಸಿಜನ್‌ಗೆ ಅಂತಲೇ ಬಿಟ್ಟರು. ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯಲ್ಲಿ 'ಆಕ್ಸಿಜನ್ ನರ್ಸ್' ಅಂತ ನೇಮಿಸಿದ್ದನ್ನು ಅವರು ಪೇಪರಿನಲ್ಲಿ ಓದಿದ್ದರು. ಮೂವರಲ್ಲಿ ಒಬ್ಬರನ್ನು ಅದಕ್ಕೇ ಬಿಟ್ಟರೆ ಉಳಿದ ಕೆಲಸ ಯಾರು ಮಾಡುವುದು ಅಂತ ನಾನು ಜಗಳ ಆಡಿದೆ. ಅವರು ಹೇಳಿದ್ದು ಒಂದೇ ಮಾತು: 'ಒಂದು ವಾರ ಮಾಡಮ್ಮ, ಆಮೇಲೆ ಜಗಳ ಆಡು.' ಆ ನರ್ಸ್ ಆಕ್ಸಿಮೀಟರ್ ಹಿಡಿದು ಬೆಡ್ಡಿಂದ ಬೆಡ್ಡಿಗೆ ಸುತ್ತುತ್ತಲೇ ಇರಬೇಕು. ಸ್ಯಾಚುರೇಶನ್, ಅಂದರೆ ಆಕ್ಸಿಮೀಟರ್ ತೋರಿಸುವ ಅಂಕಿ, 98, 99 ಇದ್ದವರಿಗೆ ಫ್ಲೋ ಇಳಿಸಬೇಕು, 94ರ ಸುತ್ತ ಇದ್ದರೆ ಸಾಕು. ಸಡಿಲ ಮಾಸ್ಕ್ ಬಿಗಿ ಮಾಡಬೇಕು. ಊಟಕ್ಕೆ ಮಾಸ್ಕ್ ತೆಗೆದವರಿಗೆ ಮೂಗಿನ ನಳಿಕೆ ಹಾಕಬೇಕು. ಮಕಾಡೆ ಮಲಗಿಸಬೇಕು. ವಾರ ಕಳೆಯುವಷ್ಟರಲ್ಲಿ ಓಡಾಟವೇ ಕಡಿಮೆ ಆಯಿತು. ಎಮರ್ಜೆನ್ಸಿ ಆದಮೇಲೆ ಮೂವರೂ ಓಡುವ ಬದಲು ಅದು ಆಗುವ ಮೊದಲೇ ಒಬ್ಬರ ಕಣ್ಣಿಗೆ ಬೀಳುತ್ತಿತ್ತು. ನಾನು ಮತ್ತೆ ಜಗಳ ಆಡಲಿಲ್ಲ.

ಮಕಾಡೆ ಮಲಗಿಸುವುದು ಅಷ್ಟು ಸುಲಭ ಅಲ್ಲ. ಹದಿನಾಲ್ಕನೇ ಬೆಡ್ಡಿನ ಅಜ್ಜಿ ಸುತರಾಂ ಒಪ್ಪಲಿಲ್ಲ. 'ಮಕಾಡೆ ಮಲಗಿದ್ರೆ ಉಸಿರು ಕಟ್ತದೆ ಕಣವ್ವ, ಯಾರಾರ ಹಂಗೆ ಮಲಗ್ತಾರಾ?' ಎನ್ನುತ್ತಿದ್ದರು. ಬೆನ್ನಿನ ಕಡೆಯ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ ಅಂತ ನಾನು ವಿವರಿಸಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಆಕ್ಸಿಮೀಟರ್ ಅವರ ಬೆರಳಿಗೆ ಹಾಕಿ, ಓದಲು ಬರದಿದ್ದರೂ ಅಂಕಿ ಗೊತ್ತಿತ್ತು, ಅವರಿಗೇ ತೋರಿಸಿದೆ. 87. ದಿಂಬು ಕೊಟ್ಟು, ಎದೆಯ ಕೆಳಗೊಂದು, ಹೊಟ್ಟೆಯ ಕೆಳಗೊಂದು, ಕಾಲ ಕೆಳಗೊಂದು ಇಟ್ಟು ಮಲಗಿಸಿದೆ. ಹತ್ತು ನಿಮಿಷ ಕೈ ಹಿಡಿದು ಪಕ್ಕದಲ್ಲೇ ಕೂತೆ. ಆಕ್ಸಿಜನ್ ಡ್ಯೂಟಿ ನನ್ನದಾಗಿತ್ತು, ಅದಕ್ಕೇ ಕೂರಲು ಆಯಿತು. 93 ಆಯಿತು. ಅಜ್ಜಿ ತಲೆ ಓರೆ ಮಾಡಿ ನೋಡಿ, 'ಏರ್ತಲ್ಲ!' ಎಂದರು. ಆಮೇಲೆ ದಿನಕ್ಕೆ ನಾಲ್ಕು ಸಲ ತಾವೇ ತಿರುಗಿಕೊಂಡು, ಪಕ್ಕದ ಬೆಡ್ಡಿನ ಹುಡುಗಿಗೂ 'ಮಕಾಡೆ ಮಲಗೇ' ಅಂತ ಗದರುತ್ತಿದ್ದರು.

ಮೇ 12, ನರ್ಸ್‌ಗಳ ದಿನ. ಯಾರೋ ಕೇಕ್ ಕಳಿಸಿದ್ದರು, ನಾವು ವಾರಿಯರ್ಸ್ ಅಂತ ಅದರ ಮೇಲೆ ಬರೆದಿತ್ತು. ಕಳಿಸಿದವರ ಪ್ರೀತಿ ದೊಡ್ಡದು, ಅದಕ್ಕೆ ನಾನು ಋಣಿ. ಆದರೆ ಆ ಹೊತ್ತಿಗೆ ನನ್ನನ್ನು ನಿಲ್ಲಿಸಿದ್ದು ಬೇರೆ. ಇನ್‌ಚಾರ್ಜ್ ಸಿಸ್ಟರ್ ಕಿಟ್ ಬಿಚ್ಚುವ ಕೋಣೆಯ ಹೊರಗೆ ಒಂದು ಬೆಂಚು, ಒಂದು ಫ್ಲಾಸ್ಕ್ ಮಜ್ಜಿಗೆ ಇಡಿಸಿದ್ದರು. ಡ್ಯೂಟಿ ಮುಗಿಸಿದವರು ಹತ್ತು ನಿಮಿಷ ಅಲ್ಲಿ ಕೂತು ಹೋಗಬೇಕು. ಅವತ್ತು ಏನು ಬಿಟ್ಟುಹೋಯಿತು, ಯಾಕೆ ಬಿಟ್ಟುಹೋಯಿತು ಅಂತ ಹೇಳಬೇಕು. ಯಾರ ತಪ್ಪು ಅಂತ ಅವರು ಒಂದು ದಿನವೂ ಕೇಳಲಿಲ್ಲ. ಹನ್ನೊಂದನೇ ಬೆಡ್‌ನವರ ಬಗ್ಗೆ ನಾನು ಮೊದಲ ಸಲ ಬಾಯಿ ಬಿಟ್ಟಿದ್ದು ಆ ಬೆಂಚಿನ ಮೇಲೆ. ಅತ್ತಿದ್ದೂ ಅಲ್ಲೇ. ಶುಗರ್ ಚೆಕ್ ತಪ್ಪುತ್ತಿದೆ ಅಂತ ಹೊರಬಂದದ್ದೂ ಅಲ್ಲೇ. ಮರುದಿನದಿಂದ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಗ್ಲೂಕೋಮೀಟರ್ ಕೊಟ್ಟು ಬರೀ ಅದೇ ಕೆಲಸಕ್ಕೆ ಬಿಟ್ಟರು. ಆಯಾ ಅಕ್ಕನನ್ನೂ ಆ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂರಿಸುತ್ತಿದ್ದರು. ಇಷ್ಟು ವರ್ಷದ ಸರ್ವಿಸಿನಲ್ಲಿ ಆಯಾ ಒಬ್ಬರನ್ನು 'ನಿಮಗೆ ಏನು ಕಾಣಿಸಿತು' ಅಂತ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದು ಮೊದಲಾಗಿದ್ದು ನನಗೆ ಇವತ್ತಿಗೂ ಬೇಜಾರು.

ಜುಲೈ ಹೊತ್ತಿಗೆ ಬೆಡ್‌ಗಳು ಖಾಲಿಯಾದವು. ಅಜ್ಜಿ ಮನೆಗೆ ಹೋದರು. ಆಮೇಲೆ ಕೊರೊನಾಕ್ಕೆ ಅಂತ ತೆಗೆದುಕೊಂಡ ಕಾಂಟ್ರಾಕ್ಟ್‌ನವರ ಅವಧಿ ಮುಗಿಯಿತು ಅಂತ ಆರ್ಡರ್ ಬಂತು. ಪಟ್ಟಿಯಲ್ಲಿ ಆಯಾ ಅಕ್ಕನ ಹೆಸರೂ ಇತ್ತು. ನಾವು ನಾಲ್ಕು ಜನ ಹೋಗಿ ಕೇಳಿದೆವು. ಆಗಲ್ಲ ಎಂದರು.

ಕೊನೆಯ ದಿನ ಅವರು ಬಾತ್‌ರೂಮ್ ತೊಳೆದು, ನೀಲಿ ಕುರ್ಚಿಯನ್ನು ಸೋಪು ಹಾಕಿ ಉಜ್ಜಿ ಬಿಸಿಲಿಗೆ ಇಟ್ಟರು. 'ತಗೊಂಡು ಹೋಗಿ ಅಕ್ಕಾ, ನಿಮ್ಮದಲ್ವಾ' ಎಂದೆ.

'ಇಲ್ಲೇ ಇರ್ಲಿ' ಎಂದರು. 'ಸಿಲಿಂಡರ್ ತೆಗೀಬೇಡಿ ಅಂತ ಬುಕ್ಕಲ್ಲಿ ಬರೆದಿಡಿ ಸಿಸ್ಟರ್. ಹೊಸಬರು ಬಂದ್ರೆ ಜಾಗಕ್ಕೆ ಅಡ್ಡ ಅಂತ ಸ್ಟೋರಿಗೆ ಕಳಿಸ್ಬಿಡ್ತಾರೆ.'

ಅವರ ಎದುರಿಗೇ ರಿಪೋರ್ಟ್ ಬುಕ್ ತೆಗೆದು ಬರೆದೆ. ಅವರು ಓದಿಸಿ ಕೇಳಿಕೊಂಡು, ಆಮೇಲೆ ಹೋದರು.