ಗ್ರಾನೈಟ್ ದೂಳು: ಮಿತಿಯ ಲೆಕ್ಕ ಎಲ್ಲಿ ತಪ್ಪುತ್ತದೆ

ಕಲ್ಲು ಕತ್ತರಿಸುವ ಶೆಡ್ಡಿನಲ್ಲಿ ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ್ದೇ ಅಪಾಯ. ಶ್ವಾಸಕೋಶದ ಆಳಕ್ಕೆ ಇಳಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವುದು ಆ ಸೂಕ್ಷ್ಮ ಕಣ.

1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಕ್ವಾರ್ಟ್ಜ್ (ಕಲ್ಲಿನಲ್ಲಿರುವ ಸಿಲಿಕಾ ಹರಳು) ಇರುವ ದೂಳಿನ ಮಿತಿಗೆ ಕೊಟ್ಟ ಸೂತ್ರ ಇದು: ಶೇಕಡಾ ಕ್ವಾರ್ಟ್ಜ್‌ಗೆ 2 ಕೂಡಿಸಿ, ಅದರಿಂದ 10ನ್ನು ಭಾಗಿಸಿ. ಸೂಕ್ಷ್ಮ ದೂಳಿನಲ್ಲಿ ಶೇ. 30 ಕ್ವಾರ್ಟ್ಜ್ ಇದ್ದರೆ ಮಿತಿ ಘನ ಮೀಟರಿಗೆ 0.31 ಮಿಲಿಗ್ರಾಂ ದೂಳು. ಅದರಲ್ಲಿ ಕ್ವಾರ್ಟ್ಜ್ ಪಾಲು ಸುಮಾರು 0.09. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2016ರಲ್ಲಿ ಕ್ವಾರ್ಟ್ಜ್ ಪಾಲಿಗೇ ಇಟ್ಟ ಮಿತಿ 0.05, 0.025 ಮುಟ್ಟಿದರೇ ಅಲ್ಲಿ ಕ್ರಮ ಶುರು. ನನ್ನನ್ನು ಕೇಳಿದರೆ, ಇಳಕಲ್ಲಿನ ಕೆಂಪು ಕಲ್ಲು ಕೊರೆಯುವವರಿಗೂ 0.05ನ್ನೇ ಹಿಡಿಯಬೇಕು.

ಅಳೆಯುವುದು ಗೋಡೆಯ ಬಳಿ ಅಲ್ಲ, ಕೆಲಸಗಾರನ ಕಾಲರಿನಲ್ಲಿ, ಮೂಗಿನಿಂದ 30 ಸೆಂ.ಮೀ. ಒಳಗೆ. ಗಾಳಿಯನ್ನು ಸುತ್ತಿಸಿ ದಪ್ಪ ಕಣ ಬೇರ್ಪಡಿಸುವ 10 ಮಿ.ಮೀ. ನೈಲಾನ್ ಸೈಕ್ಲೋನಿಗೆ ಪಂಪು ನಿಮಿಷಕ್ಕೆ 1.7 ಲೀಟರ್ ಎಳೆಯಬೇಕು. ವೇಗ ಕಮ್ಮಿಯಾದರೆ ದಪ್ಪ ಕಣವೂ ಫಿಲ್ಟರಿಗೆ ಹೋಗಿ ಅಂಕಿ ಸುಳ್ಳಾಗುತ್ತದೆ. ಹಾಗಾಗಿ ಸೈಕ್ಲೋನ್, ಫಿಲ್ಟರ್ ಎರಡನ್ನೂ ಜೋಡಿಸಿಕೊಂಡೇ ಪಾಳಿಗೆ ಮೊದಲೂ ಆಮೇಲೂ ಹರಿವು ಪರೀಕ್ಷಿಸಿ, ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಮಾದರಿ ಬೇಡ. ಬಿಚ್ಚುವಾಗ ಸೈಕ್ಲೋನನ್ನು ತಲೆಕೆಳಗು ಮಾಡಲೇಬೇಡಿ, ತಳದ ಡಬ್ಬಿಯ ಒರಟು ದೂಳು ಫಿಲ್ಟರಿನ ಮೇಲೆ ಸುರಿಯುತ್ತದೆ.

ಮಿತಿ 8 ಗಂಟೆಯ ಸರಾಸರಿಗೆ. 12 ಗಂಟೆ ದುಡಿಸಿದರೆ ಉದ್ದ ಪಾಳಿಗೆ ಮಿತಿ ಇಳಿಸುವ ಬ್ರೀಫ್-ಸ್ಕಾಲಾ ಲೆಕ್ಕದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ: 8/12 (ಕೆಲಸದ ಗಂಟೆ) ಗುಣಿಸು 12/16 (ಬಿಡುವಿನ ಗಂಟೆ). ಓವರ್‌ಟೈಮ್ ದಿನಗಳಲ್ಲಿ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಹಾಕಲೇಬೇಕು. ಮೀರಿದ್ದರೆ ಮೊದಲು ಬ್ಲೇಡಿಗೆ ನೀರು ಬಿಡಿ, ಮಾಸ್ಕ್ ಆಮೇಲಿನದು.